ಮಳೆ ಬಂದಿತ್ತಾ, ಇಲ್ವಾ? ಆಟ, ಜಾಗ, ನೆನಪುಗಳನ್ನು ಬರೆಯುವ ಬಗ್ಗೆ

ಪ್ರಶ್ನೆ: ಚಿಕ್ಕವನಿದ್ದಾಗ ಅಪ್ಪ, ಅಣ್ಣನ ಜೊತೆ ಫುಟ್‌ಬಾಲ್ ನೋಡಲು ಹೋಗುತ್ತಿದ್ದ ಮೈದಾನ ಈಗ ಇಲ್ಲ. ಅಲ್ಲಿ ಮನೆಗಳು ಎದ್ದಿವೆ. ಅದರ ಬಗ್ಗೆ ಬರೆಯಬೇಕು ಅಂತ ಮೂರು ಸಲ ಕೂತೆ. ಒಂದು ಡ್ರಾಫ್ಟ್ ಪಂದ್ಯದ ವರದಿ ಆಯಿತು. ಇನ್ನೆರಡು ಬರೀ ಗೋಳು. ಒಂದು ಫೈನಲ್‌ನಲ್ಲಿ ಜೋರು ಮಳೆಯ ನಡುವೆ ಕೊನೆಯ ನಿಮಿಷಕ್ಕೆ ಬಿದ್ದ ಗೋಲು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣ ಮಾತ್ರ ಅವತ್ತು ಮಳೆಯೇ ಇರಲಿಲ್ಲ ಅನ್ನುತ್ತಾನೆ. ಯಾರನ್ನು ನಂಬಲಿ? ಸರಿಯಾಗಿ ನೆನಪಿಲ್ಲದ ಮಾತುಕತೆಯನ್ನು ನಾನೇ ತುಂಬಿಸಬಹುದಾ? ಆಟ ಗೊತ್ತಿಲ್ಲದವರು ಇದನ್ನು ಓದುತ್ತಾರಾ?

ಉತ್ತರ: ನೀವು ಕಳಿಸಿದ ಮೂರೂ ಡ್ರಾಫ್ಟ್ ಓದಿದೆ. ಮೊದಲು ಮಳೆಯ ವಿಷಯ. ಮಳೆಯನ್ನು ತೆಗೆಯಬೇಡಿ. ಹಾಗಂತ ಮಳೆ ಸುರಿಯುತ್ತಿತ್ತು ಅಂತ ಕಣ್ಣುಮುಚ್ಚಿ ಬರೆಯಲೂ ಬೇಡಿ. ನೀವು ಬರೆಯಬೇಕಾಗಿರುವುದು ಅಣ್ಣನ ಜೊತೆ ನಡೆದ ಆ ಜಗಳವನ್ನೇ. ಅಷ್ಟು ಒಳ್ಳೆಯ ವಸ್ತು ಕೈಯಲ್ಲಿದ್ದೂ ಮೂರು ಡ್ರಾಫ್ಟಿನಲ್ಲಿ ಒಂದರಲ್ಲೂ ಅದು ಬಂದಿಲ್ಲ! ನನಗೆ ಬರೆದ ಪತ್ರದಲ್ಲಿ ಮಾತ್ರ ಇದೆ. ನಿಜ ಹೇಳಬೇಕೆಂದರೆ ಪತ್ರವೇ ಡ್ರಾಫ್ಟ್‌ಗಳಿಗಿಂತ ಚೆನ್ನಾಗಿತ್ತು.

ನಡೆದದ್ದನ್ನೇ ಕಥೆಯ ಹಾಗೆ ಕಟ್ಟಿ ಹೇಳುವ ಇಂಥ ಬರಹಕ್ಕೆ ಕ್ರಿಯೇಟಿವ್ ನಾನ್‌ಫಿಕ್ಷನ್ ಅನ್ನುವಾಗ ಆ 'ಕ್ರಿಯೇಟಿವ್' ಅನ್ನುವ ಪದ ತುಂಬ ಜನರ ದಾರಿ ತಪ್ಪಿಸುತ್ತದೆ. ಕಟ್ಟುವ ರೀತಿಯಲ್ಲಿ ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ. ಯಾವುದು ಮೊದಲು ಬರಬೇಕು, ಎಲ್ಲಿ ನಿಧಾನಿಸಬೇಕು, ಎಲ್ಲಿ ಒಂದೇ ವಾಕ್ಯದಲ್ಲಿ ಹತ್ತು ವರ್ಷ ದಾಟಬೇಕು, ಎಲ್ಲ ನಿಮ್ಮಿಷ್ಟ. ಆದರೆ ನಡೆದದ್ದನ್ನು ಬದಲಾಯಿಸುವ ಹಕ್ಕು ಇಲ್ಲ. ನಮ್ಮ ಲಲಿತ ಪ್ರಬಂಧಕ್ಕೆ ಇದು ಹತ್ತಿರದ ನೆಂಟ. ಲಲಿತ ಪ್ರಬಂಧದಲ್ಲಿ ಸ್ವಲ್ಪ ಉಪ್ಪುಖಾರ ಹಚ್ಚಿದರೆ ಯಾರೂ ತಕರಾರು ಮಾಡುವುದಿಲ್ಲ. ಇಲ್ಲಿ ಮಾಡುತ್ತಾರೆ, ಮಾಡಲೂಬೇಕು.

ಈಗ ನಿಮ್ಮ ಡ್ರಾಫ್ಟ್‌ಗಳ ಮುಖ್ಯ ತೊಂದರೆ. ಗೋಲು ಹೇಗೆ ಬಿತ್ತು ಅಂತ ಎರಡು ಪುಟ ಇದೆ. ಅದನ್ನು ನೀವು ಎಲ್ಲಿಂದ ನೋಡಿದಿರಿ ಅಂತ ಒಂದು ಸಾಲೂ ಇಲ್ಲ. ಗೋಲಿನ ಹಿಂದೆ ಇದ್ದಿರಾ, ಪಕ್ಕದ ಗೆರೆಯ ಹತ್ತಿರವಾ? ಕೂತಿದ್ದಿರಾ, ನಿಂತಿದ್ದಿರಾ? ಎಂಟು ವರ್ಷದ ಹುಡುಗನಿಗೆ ದೊಡ್ಡವರ ಬೆನ್ನುಗಳ ಮಧ್ಯೆ ಅರ್ಧ ಮೈದಾನ ಕಂಡರೆ ಹೆಚ್ಚು. ನಿಮ್ಮ ಡ್ರಾಫ್ಟಿನಲ್ಲಿ ಮಾತ್ರ ಆ ಹುಡುಗ ಟಿವಿ ಕ್ಯಾಮೆರಾ ಥರ ಮೇಲೆ ತೇಲುತ್ತಾ ಇಡೀ ಪಂದ್ಯ ನೋಡುತ್ತಿದ್ದಾನೆ. ಅಲ್ಲಿಂದಲೇ ಅದು ವರದಿಯಾಗಲು ಶುರುವಾದದ್ದು.

ಟ್ರಿನಿಡಾಡ್‌ನ ಸಿ.ಎಲ್.ಆರ್. ಜೇಮ್ಸ್ 1963ರಲ್ಲಿ ಕ್ರಿಕೆಟ್ ಬಗ್ಗೆ ಒಂದು ಪುಸ್ತಕ ತಂದರು, 'ಬಿಯಾಂಡ್ ಎ ಬೌಂಡರಿ'. ಆಟದ ಬಗ್ಗೆ ಬರೆಯುವವರೆಲ್ಲ ಇವತ್ತಿಗೂ ಅದರ ಹತ್ತಿರ ಹೋಗಿ ಬರುತ್ತಾರೆ. ಅದು ಶುರುವಾಗುವುದು ಒಂದು ಕಿಟಕಿಯಿಂದ. ಟುನಾಪುನಾ ಅನ್ನುವ ಊರಿನಲ್ಲಿ ಅವರ ಮನೆ ಸರಿಯಾಗಿ ವಿಕೆಟ್‌ನ ನೇರಕ್ಕೆ, ಮೈದಾನದ ಹಿಂದೆ ಇತ್ತು. ಆರು ವರ್ಷದ ಹುಡುಗ ಕುರ್ಚಿ ಹತ್ತಿ ನಿಂತರೆ ಆಟ ಕಾಣುತ್ತಿತ್ತು. ಅದೇ ಕುರ್ಚಿಯಿಂದ ಕಿಟಕಿಯ ಕಟ್ಟೆಗೆ ಹತ್ತಿ ಕೈ ಚಾಚಿದರೆ ಬೀರುವಿನ ಮೇಲಿಟ್ಟ ಪುಸ್ತಕಗಳೂ ಸಿಗುತ್ತಿದ್ದವು. ನೋಡಿ, ಒಂದು ಕುರ್ಚಿ, ಒಂದು ಕಿಟಕಿ. ಮುಂದೆ ಇಡೀ ಪುಸ್ತಕದಲ್ಲಿ ಬರುವ ಆಟ, ಓದು ಎರಡೂ ಅಲ್ಲೇ ಇವೆ. 'ನನಗೆ ಕ್ರಿಕೆಟ್ ಮತ್ತು ಸಾಹಿತ್ಯ ಎರಡೂ ಪ್ರಾಣ' ಅಂತ ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅದೇ ಪುಸ್ತಕದಲ್ಲಿ ಜಾಗ ಅಂದರೆ ಬರೀ ಮಣ್ಣು, ಹುಲ್ಲು ಅಲ್ಲ ಅನ್ನುವುದೂ ಕಾಣುತ್ತದೆ. ಅಲ್ಲಿನ ಕ್ಲಬ್‌ಗಳು ಚರ್ಮದ ಬಣ್ಣ ಮತ್ತು ಅಂತಸ್ತಿನ ಪ್ರಕಾರ ಭಾಗವಾಗಿದ್ದವು. ಕಪ್ಪು ಕೆಳ ಮಧ್ಯಮ ವರ್ಗದವರ ಕ್ಲಬ್ ಶಾನನ್. ಕಂದು ಬಣ್ಣದವರದು ಮೇಪಲ್. ಎರಡರಲ್ಲಿ ಯಾವುದು ಅಂತ ಯೋಚಿಸಿ ಜೇಮ್ಸ್ ಮೇಪಲ್ ಸೇರಿದರು. ಸಾಮಾನ್ಯ ಜನರಿಂದ ಅದು ತನ್ನನ್ನು ದೂರ ಮಾಡಿತು ಅಂತ ಎಷ್ಟೋ ವರ್ಷ ಆದ ಮೇಲೆ ಬರೆದುಕೊಂಡರು. ನೀವು ಹೋಗುತ್ತಿದ್ದ ಮೈದಾನದಲ್ಲಿ ಯಾರು ನೆರಳಲ್ಲಿ ಕೂರುತ್ತಿದ್ದರು, ಯಾರು ಬೇಲಿಯ ಹೊರಗೆ ನಿಲ್ಲುತ್ತಿದ್ದರು? ಹೆಂಗಸರು ಬರುತ್ತಿದ್ದರಾ? ಇದನ್ನೆಲ್ಲ ಬರೆದರೆ ಗೋಳು ತಾನಾಗಿ ಕಡಿಮೆಯಾಗುತ್ತದೆ. 'ಆ ಕಾಲವೇ ಚೆಂದ' ಅಂತ ಬರೆಯಲು ಹೊರಟ ಕೈ ಸ್ವಲ್ಪ ತಡೆಯುತ್ತದೆ, ಅಲ್ವಾ?

ಚೆಂಡಿನಿಂದ ಕಣ್ಣು ತೆಗೆಯುವುದೂ ಒಂದು ಅಭ್ಯಾಸ. ಇಂಗ್ಲೆಂಡಿನ ನಿಕ್ ಹಾರ್ನ್‌ಬಿ 1992ರಲ್ಲಿ ಬರೆದ 'ಫೀವರ್ ಪಿಚ್'ನಲ್ಲಿ ಪ್ರತಿ ಭಾಗಕ್ಕೂ ಒಂದು ಪಂದ್ಯ, ಒಂದು ತಾರೀಖು ತಲೆಬರಹವಾಗಿ ಬರುತ್ತದೆ. ಅವರ ಜೀವನದ ಮೊದಲ ಪಂದ್ಯ 1968ರ ಸೆಪ್ಟೆಂಬರ್ 14ರದ್ದು, ಆರ್ಸೆನಲ್ ಮತ್ತು ಸ್ಟೋಕ್ ಸಿಟಿ ನಡುವೆ, ಹೈಬರಿ ಮೈದಾನದಲ್ಲಿ. ಆಗ ಅವರಿಗೆ 11 ವರ್ಷ. ಅಪ್ಪ ಅಮ್ಮ ಬೇರೆಯಾಗಿದ್ದರು. ವಾರದ ಕೊನೆಯಲ್ಲಿ ಮಗನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಗೊತ್ತಾಗದೆ ಅಪ್ಪ ಆಟಕ್ಕೆ ಕರೆದುಕೊಂಡು ಹೋದರು. ಆರ್ಸೆನಲ್ 1-0 ಗೆದ್ದಿತು. ಆದರೆ ಹುಡುಗನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಆ ಒಂದು ಗೋಲಲ್ಲ. ಸುತ್ತ ಇದ್ದ ಗಂಡಸರು ದುಡ್ಡು ಕೊಟ್ಟು ಬಂದು, ಹೊಗೆ ಬಿಡುತ್ತಾ, ತಮ್ಮದೇ ತಂಡವನ್ನು ಬೈಯುತ್ತಾ, ಅಲ್ಲಿ ಇರುವುದನ್ನೇ ದ್ವೇಷಿಸುತ್ತಿದ್ದರು. ಸಂತೋಷಕ್ಕೆ ಬಂದವರು ಇಷ್ಟು ಸಂಕಟ ಪಡುತ್ತಾರಾ ಅನ್ನುವ ಬೆರಗು ಅದು. ಆಟ ಗೊತ್ತಿಲ್ಲದವರು ಓದುತ್ತಾರಾ ಅಂತ ಕೇಳಿದ್ದೀರಲ್ಲ, ಇದನ್ನು ಓದಲು ಆಫ್‌ಸೈಡ್ ಅಂದರೇನು ಅಂತ ಗೊತ್ತಿರಬೇಕಾ? ನಿಯಮ ವಿವರಿಸಲು ಜಾಗ ಹಾಳು ಮಾಡಬೇಡಿ. ತೀರಾ ಬೇಕಾದ ಕಡೆ ಒಂದು ವಾಕ್ಯ ಸಾಕು.

ಇನ್ನು ನೆನಪು. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಉಲ್ರಿಕ್ ನೈಸರ್ ಅಂತ ಅಮೆರಿಕದ ದೊಡ್ಡ ಮನಶ್ಶಾಸ್ತ್ರಜ್ಞ. ನೆನಪಿನ ಬಗ್ಗೆಯೇ ಕೆಲಸ ಮಾಡಿದವರು. ಜಪಾನ್ 1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಸುದ್ದಿ ತನಗೆ ಹೇಗೆ ಗೊತ್ತಾಯಿತು ಅನ್ನುವುದು ಅವರಿಗೆ ಸ್ಪಷ್ಟವಾಗಿ ನೆನಪಿತ್ತು. ಮನೆಯಲ್ಲಿ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಪಂದ್ಯ ಕೇಳುತ್ತಿದ್ದರು. ಕಾಮೆಂಟರಿ ಮಧ್ಯದಲ್ಲೇ ನಿಂತು ಸುದ್ದಿ ಬಂತು. ಅಮ್ಮನಿಗೆ ಹೇಳಲು ಮೇಲೆ ಓಡಿದರು. ವರ್ಷಾನುಗಟ್ಟಲೆ ಇದೇ ನೆನಪು. ಒಂದು ದಿನ ಥಟ್ಟನೆ ಹೊಳೆಯಿತು: ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ಎಲ್ಲಿಂದ ಬಂತು? ಆ ಚಳಿಯಲ್ಲಿ ಯಾರೂ ಆಡುವುದೇ ಇಲ್ಲ. ನೆನಪು ಎಷ್ಟು ಸುಳ್ಳು ಹೇಳುತ್ತದೆ ಅನ್ನುವುದಕ್ಕೆ ತಮ್ಮದೇ ಉದಾಹರಣೆ ಅಂತ 1982ರಲ್ಲಿ ಅವರು ಇದನ್ನು ಬರೆದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1986ರಲ್ಲಿ ಇನ್ನಿಬ್ಬರು ಸಂಶೋಧಕರು ಅವತ್ತು ರೇಡಿಯೋದಲ್ಲಿ ಏನಿತ್ತು ಅಂತ ಹುಡುಕಿದರು. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಅವತ್ತು ಪಂದ್ಯ ನಡೆದದ್ದು ನಿಜ. ಆದರೆ ಅದು ಅಮೆರಿಕನ್ ಫುಟ್‌ಬಾಲ್. ಆಡಿದ ತಂಡಗಳ ಹೆಸರು ಜೈಂಟ್ಸ್ ಮತ್ತು ಡಾಡ್ಜರ್ಸ್. ಅದೇ ಹೆಸರಿನ ಬೇಸ್‌ಬಾಲ್ ತಂಡಗಳೂ ಆ ಊರಿನಲ್ಲಿದ್ದವು! ಅಂದರೆ ರೇಡಿಯೋ ಇತ್ತು, ಪಂದ್ಯ ಇತ್ತು, ಹೆಸರುಗಳೂ ಸರಿ ಇದ್ದವು. ಹುಡುಗನ ಮನಸ್ಸು ಆಟವನ್ನು ಮಾತ್ರ ಅದಲುಬದಲು ಮಾಡಿತ್ತು.

ನೈಸರ್ ಮೊದಲೇ ಪರಿಶೀಲಿಸಿ ಸುಮ್ನೆ 'ಫುಟ್‌ಬಾಲ್' ಅಂತ ತಿದ್ದಿ ಬರೆದಿದ್ದರೆ ನಮಗೆ ಏನು ಸಿಗುತ್ತಿತ್ತು? ಒಂದು ಸರಿಯಾದ ವಾಕ್ಯ, ಅಷ್ಟೇ. ಪರಿಶೀಲಿಸದೆ ಬಿಟ್ಟಿದ್ದರೆ ಒಂದು ತಪ್ಪು ವಾಕ್ಯ. ತಪ್ಪು ಮತ್ತು ಅದರ ಮೂಲ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ರೇಡಿಯೋ ಮುಂದೆ ಕೂತ ಆ ಬೇಸ್‌ಬಾಲ್ ಹುಚ್ಚಿನ ಹುಡುಗ ಕಾಣುತ್ತಾನೆ.

ಜಾಗವೂ ಹೀಗೇ ಅದಲುಬದಲಾಗುತ್ತದೆ. 1962ರ ಮಾರ್ಚ್ 2ರಂದು ಅಮೆರಿಕದ ಆಟಗಾರ ವಿಲ್ಟ್ ಚೇಂಬರ್ಲೇನ್ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದರು. ನಡೆದದ್ದು ಪೆನ್ಸಿಲ್ವೇನಿಯಾದ ಹರ್ಷಿ ಅನ್ನುವ ಸಣ್ಣ ಊರಿನಲ್ಲಿ. ಲೆಕ್ಕದ ಪ್ರಕಾರ ಪ್ರೇಕ್ಷಕರು 4,124 ಜನ. ವಿಡಿಯೋ ಇಲ್ಲ. ಮುಂದೆ ಸಾವಿರಾರು ಜನ ಚೇಂಬರ್ಲೇನ್ ಹತ್ತಿರ ಬಂದು 'ಆ ಪಂದ್ಯ ನಾನು ಕಣ್ಣಾರೆ ನೋಡಿದೆ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ' ಅನ್ನುತ್ತಿದ್ದರಂತೆ. ಅಷ್ಟು ದೊಡ್ಡ ಸಂಗತಿ ನ್ಯೂಯಾರ್ಕಿನ ದೊಡ್ಡ ಅಂಗಳದಲ್ಲೇ ನಡೆದಿರಬೇಕು ಅಂತ ಅವರ ನೆನಪು ತೀರ್ಮಾನಿಸಿಬಿಟ್ಟಿತ್ತು. ಎಲ್ಲರೂ ಬೇಕಂತಲೇ ಸುಳ್ಳು ಹೇಳುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಯಾಕೆಂದರೆ ನನಗೇ ಹೀಗಾಗಿದೆ. ಕಾಲೇಜು ದಿನಗಳಲ್ಲಿ ಒಂದು ಕ್ಲಬ್ಬಿಗೆ ಕ್ರಿಕೆಟ್ ಆಡುತ್ತಿದ್ದೆ. ಒಂದು ಪಂದ್ಯವನ್ನು ಒಂದು ವಿಕೆಟ್‌ನಿಂದ ಗೆದ್ದೆವು. ಗೆಲುವಿನ ರನ್ ಹೊಡೆದದ್ದು ನಾನು ಅಂತ ಇಪ್ಪತ್ತು ವರ್ಷ ಹೇಳಿಕೊಂಡು ಓಡಾಡಿದೆ. ಚೆಂಡು ಬ್ಯಾಟಿನ ಅಂಚಿಗೆ ತಾಗಿ ಸ್ಲಿಪ್ ಕಡೆ ಹೋದದ್ದು, ಓಡುವಾಗ ಪ್ಯಾಡಿನ ಬಕಲ್ ಕಳಚಿದ್ದು, ಎಲ್ಲ ಗೊತ್ತಿತ್ತು ನನಗೆ. ಅದರ ಬಗ್ಗೆ ಪ್ರಬಂಧ ಬರೆಯಲು ಹೊರಟಾಗ ಹಳೆಯ ಗೆಳೆಯನ ಅಟ್ಟದಲ್ಲಿ ಸ್ಕೋರ್ ಪುಸ್ತಕ ಸಿಕ್ಕಿತು.

ಪುಟ ಹಳದಿಯಾಗಿತ್ತು. ಖಾಲಿ ಎಸೆತಕ್ಕೆ ಒಂದೊಂದು ಚುಕ್ಕೆ. ಓವರಿನ ಆರೂ ಚುಕ್ಕೆಯಾದರೆ ಅವನ್ನು ಗೆರೆಯಿಂದ ಸೇರಿಸಿ ಇಂಗ್ಲಿಷಿನ 'ಎಂ' ಮಾಡುತ್ತಾರಲ್ಲ, ಮೇಡನ್ ಅನ್ನುವುದಕ್ಕೆ, ಅಂಥ ಎರಡು 'ಎಂ' ಇದ್ದವು. ನನ್ನ ಹೆಸರಿನ ಮುಂದೆ 7 ರನ್. ಔಟ್. ಐದನೇ ವಿಕೆಟ್ ಆಗಿ. ಗೆಲುವಿನ ರನ್ ಬರುವ ಹೊತ್ತಿಗೆ ನಾನು ಹೊರಗೆ ಬಂದು ತುಂಬ ಹೊತ್ತಾಗಿತ್ತು. ಆಮೇಲೆ ಗಮನಿಸಿದೆ, ಕೊನೆಯ ಹತ್ತು ಓವರ್‌ಗಳ ಅಕ್ಷರ ಬೇರೆ ಇದೆ. ಚುಕ್ಕೆಗಳು ದಪ್ಪ, ಪೆನ್ಸಿಲ್ ಒತ್ತಿ ಬರೆದದ್ದು. ಅದು ನನ್ನದೇ ಕೈಬರಹ. ಔಟಾಗಿ ಬಂದವನ ಕೈಗೆ ಯಾರೋ ಪುಸ್ತಕ ಕೊಟ್ಟಿದ್ದಾರೆ. ಗೆಲುವಿನ ರನ್ ನಾನೇ ಬರೆದಿದ್ದೆ. ಹೊಡೆದವನು ಬೇರೆ. ಆ ಕೊನೆಯ '1' ಎಷ್ಟು ಒತ್ತಿ ಬರೆದಿದ್ದೆ ಅಂದರೆ ಹಿಂದಿನ ಪುಟದಲ್ಲಿ ಉಬ್ಬಿದ ಗೆರೆ ಬೆರಳಿಗೆ ಸಿಗುತ್ತಿತ್ತು.

ಮೊದಲು ಬೇಜಾರಾಯಿತು. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಮೂರನೇ ದಿನ ಬರೆದ ಪ್ರಬಂಧ ನಾನು ಮೊದಲು ಯೋಚಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಹಾಗಾಗಿ ಮೊದಲು ಹುಡುಕಿ. ಫೈನಲ್ ಆಗಿದ್ದರೆ ಪತ್ರಿಕೆಯಲ್ಲಿ ನಾಲ್ಕು ಸಾಲಾದರೂ ಬಂದಿರುತ್ತದೆ. ಗ್ರಂಥಾಲಯದಲ್ಲಿ ಹಳೆಯ ಸಂಪುಟ ತೆಗೆಸಿ, ಮರುದಿನದ ಸಂಚಿಕೆ ನೋಡಿ. ಹವಾಮಾನ ಇಲಾಖೆಯಲ್ಲಿ ಮಳೆಯ ಲೆಕ್ಕ ತಾರೀಖಿನ ಪ್ರಕಾರ ಇರುತ್ತದೆ. ಯಾರದಾದರೂ ಮನೆಯಲ್ಲಿ ಫೋಟೋ ಇದ್ದರೆ ಭೂತಗನ್ನಡಿ ಹಿಡಿದು ನೋಡಿ. ನೆರಳು ಬಿದ್ದಿದೆಯಾ? ಕೊಡೆಗಳಿವೆಯಾ? ಕೂದಲು ಹಣೆಗೆ ಅಂಟಿದೆಯಾ? ಅಣ್ಣನನ್ನು 'ಮಳೆ ಇತ್ತಾ' ಅಂತ ಮತ್ತೆ ಕೇಳಬೇಡಿ, ಅದು ಬರೀ ವಾದಕ್ಕೆ ಹೋಗುತ್ತದೆ. 'ಅವತ್ತು ಮನೆಗೆ ಹೇಗೆ ಬಂದೆವು' ಅಂತ ಕೇಳಿ. ಒದ್ದೆ ಬಟ್ಟೆ, ಕೆಸರಿನ ಚಪ್ಪಲಿ ಬರುವುದಿದ್ದರೆ ಆ ದಾರಿಯಲ್ಲಿ ತಾನಾಗಿ ಬರುತ್ತದೆ. ಇನ್ಯಾವುದೋ ಪಂದ್ಯದ ಮಳೆ ಈ ಪಂದ್ಯಕ್ಕೆ ಬಂದು ಸೇರಿಕೊಂಡಿರಬಹುದು. ನೈಸರ್‌ಗೆ ಆದ ಹಾಗೆ ಯಾವುದೋ ಒಂದು ತುಂಡು ನಿಜ ಇದ್ದೇ ಇರುತ್ತದೆ ಅಂತ ನನ್ನ ಅನುಮಾನ.

ಹುಡುಕಿದ್ದು ಸಿಗದಿದ್ದರೂ ಪರವಾಗಿಲ್ಲ. ಹುಡುಕಿದ್ದನ್ನೇ ಬರೆಯಿರಿ. 'ನನ್ನ ನೆನಪಿನಲ್ಲಿ ಮಳೆ ಸುರಿಯುತ್ತಿದೆ' ಅನ್ನುವುದು ಸತ್ಯವಾದ ವಾಕ್ಯ. 'ಮಳೆ ಸುರಿಯುತ್ತಿತ್ತು' ಅನ್ನುವುದು ಇನ್ನೂ ಪರೀಕ್ಷೆಯಾಗದ ವಾಕ್ಯ. ಕನ್ನಡದಲ್ಲಿ ಇದಕ್ಕೆ ಸಣ್ಣ ಸಣ್ಣ ಸಲಕರಣೆಗಳಿವೆ: ಇರಬೇಕು, ಇದ್ದಿರಬಹುದು, ಅಂತೆ, ಅನ್ನಿಸುತ್ತದೆ. ಆ 'ಅಂತೆ' ಇದೆಯಲ್ಲ, ಬೇರೆಯವರು ಹೇಳಿದ್ದು ಅನ್ನುವುದನ್ನು ಎರಡಕ್ಷರದಲ್ಲಿ ಮುಗಿಸುತ್ತದೆ. ಧಾರಾಳವಾಗಿ ಬಳಸಿ. ಪ್ರತಿ ಸಾಲಿಗೂ ಮಾತ್ರ ಬೇಡ, ಓದುವವರಿಗೆ ಸುಸ್ತಾಗುತ್ತದೆ.

ಮಾತುಕತೆಗೂ ಇದೇ ನ್ಯಾಯ. ಅಪ್ಪ ಹೇಳಿದ ಒಂದು ಮಾತು ಅಕ್ಷರಶಃ ನೆನಪಿದ್ದರೆ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಎರಡನೇ ಡ್ರಾಫ್ಟಿನಲ್ಲಿ ಅಪ್ಪ ಒಂದೂವರೆ ಪುಟ ಭಾಷಣ ಮಾಡುತ್ತಾರೆ. ಎಂಟು ವರ್ಷದ ಹುಡುಗ ಅಷ್ಟೊಂದು ನೆನಪಿಟ್ಟುಕೊಂಡ ಅಂತ ಯಾರೂ ನಂಬುವುದಿಲ್ಲ. ಅದನ್ನು ತೆಗೆದು, ಅವರು ಸಾಮಾನ್ಯವಾಗಿ ಏನು ಅನ್ನುತ್ತಿದ್ದರು ಅಂತ ನಿಮ್ಮ ಮಾತಿನಲ್ಲೇ ಹೇಳಿ. ಎರಡು ಪಂದ್ಯ ಸೇರಿಸಿ ಒಂದು ಮಾಡುವುದೂ ಬೇಡ. ಬದಲಾಯಿಸಲೇಬೇಕು ಅಂತ ಕೈ ತುರಿಸುತ್ತಿದ್ದರೆ ಮರ್ಯಾದೆಯ ದಾರಿ ಒಂದಿದೆ, ಅದನ್ನು ಕಥೆ ಅಂತ ಕರೆಯಿರಿ. ಅಮೆರಿಕದ ಲೇಖಕ ನಾರ್ಮನ್ ಮ್ಯಾಕ್ಲೀನ್ ಮಾಂಟಾನಾದ ನದಿಯಲ್ಲಿ ಮೀನು ಹಿಡಿಯುವುದನ್ನು, ಕೊಲೆಯಾಗಿ ಹೋದ ತಮ್ಮನನ್ನು ಇಟ್ಟುಕೊಂಡು 1976ರಲ್ಲಿ ಬರೆದದ್ದು ಬಹುಪಾಲು ಸ್ವಂತ ಮನೆಯದೇ ಸಂಗತಿ. ಆದರೂ ಪುಸ್ತಕವನ್ನು ಕಥೆಗಳು ಅಂತಲೇ ಹೊರತಂದರು.

ಪಂದ್ಯವನ್ನು ಎಷ್ಟು ಬರೆಯಬೇಕು ಅನ್ನುವುದಕ್ಕೆ ಅಮೆರಿಕದ ಲೇಖಕ ಜಾನ್ ಮೆಕ್‌ಫೀ ಮಾಡಿದ ಕೆಲಸ ನೋಡಿ. 1968ರ ಯು.ಎಸ್. ಓಪನ್ ಟೆನಿಸ್ ಸೆಮಿಫೈನಲ್, ಫಾರೆಸ್ಟ್ ಹಿಲ್ಸ್‌ನಲ್ಲಿ, ಆರ್ಥರ್ ಆಶ್ ಎದುರು ಕ್ಲಾರ್ಕ್ ಗ್ರೇಬ್ನರ್. ಮರುವರ್ಷ ಬಂದ ಅವರ ಪುಸ್ತಕದಲ್ಲಿ ಆಶ್ ಸರ್ವ್ ಮಾಡಲು ಚೆಂಡು ಮೇಲೆ ಎಸೆಯುವುದರಿಂದ ಶುರುವಾಗಿ ಪಂದ್ಯ ಮುಗಿಯುವುದರೊಳಗೆ ಇಬ್ಬರ ಬಾಲ್ಯ, ಮನೆ, ಬಣ್ಣ, ರಾಜಕೀಯ ಎಲ್ಲ ಬಂದು ಹೋಗುತ್ತದೆ. ರಿಚ್ಮಂಡ್‌ನಲ್ಲಿ ಕಪ್ಪು ಜನರಿಗೆ ಮೀಸಲಾಗಿದ್ದ ಆಟದ ಮೈದಾನವನ್ನು ಆಶ್ ಅವರ ಅಪ್ಪ ನೋಡಿಕೊಳ್ಳುತ್ತಿದ್ದರು, ಮನೆಯೂ ಅಲ್ಲೇ ಇತ್ತು. ಆ ಮೈದಾನ ಈ ಕೋರ್ಟಿನ ಒಳಗೆ ಬಂದು ಕೂರುತ್ತದೆ. ಇದನ್ನು ಸಾಧಿಸಿದ್ದು ಹೇಗೆ ಅಂದರೆ, ಪಂದ್ಯದ ಫಿಲ್ಮ್ ತರಿಸಿ ಆಟಗಾರರಿಗೇ ತೋರಿಸಿ, ಈ ಪಾಯಿಂಟ್‌ನಲ್ಲಿ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಕೇಳಿದರು. ನಿಮ್ಮ ಹತ್ತಿರ ಫಿಲ್ಮ್ ಇಲ್ಲ. ಒಂದು ಫೋಟೋ ಸಾಕು. ಅಣ್ಣನ ಮುಂದೆ ಇಟ್ಟು ಸುಮ್ಮನೆ ಕೂತುಕೊಳ್ಳಿ, ಅವರೇ ಮಾತಾಡಲಿ. ಆ ಒಂದು ಗೋಲನ್ನು ಹಿಗ್ಗಿಸಿ ಬರೆಯಿರಿ, ಪಂದ್ಯದ ಉಳಿದ 89 ನಿಮಿಷ ಬಿಟ್ಟುಬಿಡಿ.

ಈಗ ಇಲ್ಲದ ಮೈದಾನ. ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡ 1957ರ ನಂತರ ಲಾಸ್ ಏಂಜಲಿಸ್‌ಗೆ ಹೋಯಿತು. 1960ರ ಫೆಬ್ರವರಿಯಲ್ಲಿ ಅವರ ಎಬೆಟ್ಸ್ ಫೀಲ್ಡ್ ಕೆಡವಲು ಶುರು ಮಾಡಿದರು. ಗೋಡೆಗೆ ಗುದ್ದುವ ಕಬ್ಬಿಣದ ಗುಂಡಿಗೆ ಬೇಸ್‌ಬಾಲ್ ಥರ ಬಿಳಿ ಬಣ್ಣ ಬಳಿದು ಹೊಲಿಗೆ ಗೆರೆ ಬರೆದಿದ್ದರು. ನಾಲ್ಕು ವರ್ಷ ಆದ ಮೇಲೆ ಅದೇ ಗುಂಡಿನಿಂದ ಪೋಲೋ ಗ್ರೌಂಡ್ಸ್ ಕೆಡವಿದರು, ನೈಸರ್ ರೇಡಿಯೋದಲ್ಲಿ ಕೇಳಿದರಲ್ಲ, ಅದೇ. ಎರಡೂ ಕಡೆ ಈಗ ವಸತಿ ಕಟ್ಟಡಗಳಿವೆ. ಪೋಲೋ ಗ್ರೌಂಡ್ಸ್‌ನದು ಒಂದು ಮೆಟ್ಟಿಲ ಸಾಲು ಮಾತ್ರ ಉಳಿದಿದೆ, ಗುಡ್ಡದಿಂದ ಟಿಕೆಟ್ ಕಿಟಕಿಯ ಕಡೆ ಇಳಿಯುತ್ತಿದ್ದ ಮೆಟ್ಟಿಲು. ಹಾರ್ನ್‌ಬಿ ಹೋದ ಹೈಬರಿ 2006ರಲ್ಲಿ ಮುಚ್ಚಿತು. ಅಲ್ಲಿ ಗ್ಯಾಲರಿ ಇದ್ದಲ್ಲಿ ಫ್ಲ್ಯಾಟ್‌ಗಳಾಗಿವೆ, ಪಿಚ್ ಇದ್ದ ಜಾಗ ನಿವಾಸಿಗಳ ತೋಟ. ನಾನು ಇಷ್ಟು ಹೇಳುವಾಗ ಅಯ್ಯೋ ಅಂತ ಒಂದು ಸಲವೂ ಅನ್ನಲಿಲ್ಲ. ಆ ಬಣ್ಣ ಬಳಿದ ಗುಂಡು ನಿಮ್ಮ ಹೊಟ್ಟೆಯಲ್ಲಿ ಏನೋ ಮಾಡಿತು ತಾನೇ?

ಡಾಡ್ಜರ್ಸ್ ಬಗ್ಗೆ ಬರೆದ ರೋಜರ್ ಕಾನ್ 1972ರ ತಮ್ಮ ಪುಸ್ತಕಕ್ಕಾಗಿ ವಯಸ್ಸಾದ ಆಟಗಾರರನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋದರು. ಗೋಡೆಗೆ ಬಡಿದು ವಾಪಸ್ ಬರುವ ಚೆಂಡನ್ನು ಹಿಡಿಯುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದ ಕಾರ್ಲ್ ಫ್ಯುರಿಲೋ ಸಿಕ್ಕಿದ್ದು ಆಗ ಮೇಲೇಳುತ್ತಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ, ಲಿಫ್ಟ್ ಬಾಗಿಲು ಕೂರಿಸುವ ಕೆಲಸದಲ್ಲಿ. ನಿಮ್ಮ ಗೋಲು ಹೊಡೆದವರು ಈಗ ಎಲ್ಲಿದ್ದಾರೆ? ಇದ್ದರೆ ಹೋಗಿ ಮಾತಾಡಿಸಿ. ಅವರಿಗೆ ಆ ಗೋಲೇ ನೆನಪಿರದಿದ್ದರೆ ಇನ್ನೂ ಒಳ್ಳೆಯದು. ಹೆಸರು ಹಾಕುವ ಮೊದಲು ಒಂದು ಮಾತು ಕೇಳಿ, ಅಣ್ಣನಿಗೂ ಪ್ರಿಂಟಿಗೆ ಮುಂಚೆ ಓದಿಸಿ.

ಮೈದಾನ ಇದ್ದ ಜಾಗಕ್ಕೂ ಒಮ್ಮೆ ಹೋಗಿ ಬನ್ನಿ. ಹೆಜ್ಜೆ ಲೆಕ್ಕ ಹಾಕಿ. ಗೋಲು ಕಂಬ ಇದ್ದ ಕಡೆ ಈಗ ಏನಿದೆ? ಪಾರ್ಕಿಂಗಾ, ಯಾರದೋ ಅಡುಗೆಮನೆಯಾ? ನೆಲ ಇನ್ನೂ ಒಂದು ಕಡೆ ಇಳಿಜಾರಾಗಿದೆಯಾ? ನೋಡಿದ್ದನ್ನು ಸರ್ವೆಯವರು ಬರೆದುಕೊಳ್ಳುವ ಹಾಗೆ ಬರೆದುಕೊಳ್ಳಿ, ವಿಶೇಷಣ ಬೇಡ. ಗೋಳಿನ ಡ್ರಾಫ್ಟ್‌ಗಳಿಗೆ ಇದೇ ಮದ್ದು.

ಕೊನೆಯದಾಗಿ ಒಂದು ವಿಷಯ, ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಮೂರೂ ಡ್ರಾಫ್ಟಿನಲ್ಲಿ ಅಪ್ಪ ನಿಮ್ಮನ್ನು ಗೇಟಿನ ತನಕ ಕೈ ಹಿಡಿದು ಕರೆದುಕೊಂಡು ಬರುತ್ತಾರೆ. ಪಂದ್ಯ ಮುಗಿದ ಮೇಲೆ ಮತ್ತೆ ಕೈ ಹಿಡಿಯುತ್ತಾರೆ. ಮಧ್ಯದ ಒಂದೂವರೆ ಗಂಟೆ ಅವರು ಎಲ್ಲೂ ಇಲ್ಲ. ಅವರು ನಿಮ್ಮ ಪಕ್ಕದಲ್ಲೇ ನಿಂತಿದ್ದರಾ? ಅಣ್ಣನಿಗೆ ಫೋನ್ ಮಾಡಿದಾಗ ಮಳೆಯ ಮಾತು ಎತ್ತುವ ಮೊದಲು ಇದನ್ನು ಕೇಳಿ ನೋಡಿ.